ಮೂರನೆಯ ಮುದ್ದೆಯ ದುಃಖ

ಕಳೆದ ಭಾನುವಾರದಿಂದ ಈ ಗುರುವಾರದವರೆಗೆ ನನ್ನ ದುಃಖವನ್ನು ವಿಚಾರಿಸಿಕೊಳ್ಳಲು ಹತ್ತೊಂಬತ್ತು ಮಂದಿ ಫೋನ್ ಮಾಡಿದ್ದಾರೆ. ನನಗೆ ಯಾವ ದುಃಖವೂ ಇಲ್ಲವೆಂದು ಹತ್ತೊಂಬತ್ತು ಸಲವೂ ಹೇಳಿದ್ದೇನೆ. ಒಬ್ಬ ಮನುಷ್ಯ ತನಗೆ ದುಃಖವಿಲ್ಲವೆಂದು ಹತ್ತೊಂಬತ್ತು ಸಲ ಹೇಳಿದ ಮೇಲೆ ಅವನ ದನಿ ಹೇಗಾಗುತ್ತದೆಯೋ ನನ್ನ ದನಿಯೂ ಈಗ ಹಾಗೆಯೇ ಆಗಿದೆ. ಇಪ್ಪತ್ತನೆಯವರು ಯಾರೇ ಆಗಿರಲಿ, ಅದನ್ನು ಕೇಳಿ ನನ್ನನ್ನು ಪರಮ ದುಃಖಿಯೆಂದೇ ತೀರ್ಮಾನಿಸುವುದರಲ್ಲಿ ಸಂಶಯವಿಲ್ಲ.

ಎಲ್ಲಕ್ಕೂ ಮೂಲ ಒಂದು ಫೋಟೊ. ಮುಳಬಾಗಿಲು ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಮೈ ತಾಗಿಸಿಕೊಂಡಂತಿರುವ ನಮ್ಮ ಸೋದರಮಾವನ ಊರಿನಲ್ಲಿ ಅವರ ಮೊಮ್ಮಗ ಹೊಸ ಮನೆ ಕಟ್ಟಿಸಿದ. ಶನಿವಾರ ಗೃಹಪ್ರವೇಶ, ಸಿಹಿಯೂಟ. ಭಾನುವಾರ ನಮ್ಮ ಕಡೆಯ ಸಂಪ್ರದಾಯದಂತೆ ಬಾಡೂಟ. ಆ ಬಾಡೂಟದ ಎರಡನೆಯ ಪಂಕ್ತಿಯಲ್ಲಿ, ಬಾಳೆಯೆಲೆಯ ಮುಂದೆ ಕುಳಿತ ನನ್ನ ಮುಖವನ್ನು ಯಾರೋ ಒಬ್ಬ ಹುಡುಗ ಮೊಬೈಲಿನಲ್ಲಿ ಸೆರೆಹಿಡಿದು ನಮ್ಮ ಬಂಧುಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ. ಬೆಂಗಳೂರಿನಲ್ಲಿರುವ ನನ್ನ ಮಗಳು ಐದು ನಿಮಿಷದೊಳಗೆ ಅದರ ಕೆಳಗೆ 'ಅಪ್ಪ ಯಾಕೆ ಇಷ್ಟು ಸ್ಯಾಡ್?' ಎಂದು ಬರೆದು, ಕಣ್ಣೀರು ಸುರಿಸುವ ಮೂರು ಹಳದಿ ಮುಖಗಳನ್ನು ಸಾಲಾಗಿ ಕೂರಿಸಿದಳು. ಮುಂದಿನದನ್ನು ಆ ಗುಂಪಿನ ನೂರಾ ನಲವತ್ತೆರಡು ಮಂದಿ ನೋಡಿಕೊಂಡರು.

ಚಿಕ್ಕಬಳ್ಳಾಪುರದ ತಂಗಿ, ಬಾಡೂಟದಲ್ಲಿ ನನ್ನ ಪಕ್ಕದಲ್ಲೇ ಕುಳಿತು ಎಲುಬು ಕಡಿಯುತ್ತಿದ್ದವಳು, ಮನೆ ಮುಟ್ಟಿದ ಕೂಡಲೇ ಫೋನ್ ಮಾಡಿ 'ಅಣ್ಣಾ, ನನ್ನ ಹತ್ತಿರವೂ ಹೇಳಬಾರದಾ?' ಎಂದು ಕೇಳಿದಳು. ಬೆಳಿಗ್ಗೆ ಅಂತರಗಂಗೆ ಬೆಟ್ಟದ ಕಡೆಗೆ ಜೊತೆಯಲ್ಲಿ ನಡೆಯುವ ಮಿತ್ರರೊಬ್ಬರು ನಿವೃತ್ತಿಯ ಹಣವನ್ನು ಷೇರಿನಲ್ಲಿ ಕಳೆದುಕೊಂಡೆನೇ ಎಂದು ಬಹಳ ನಯವಾಗಿ ವಿಚಾರಿಸಿದರು. ಬ್ಯಾಂಕಿನ ಹಳೆಯ ಸಹೋದ್ಯೋಗಿಯೊಬ್ಬರು ಉಸಿರಾಟದ ವ್ಯಾಯಾಮದ ವಿಡಿಯೊ ಕಳುಹಿಸಿ, ಅದನ್ನು ನೋಡಿದೆನೇ ಎಂದು ಕೇಳಲು ಕರೆ ಮಾಡಿದರು. ಇವೆಲ್ಲವನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ನಾಲ್ಕೈದು ಮಂದಿ ದನಿ ತಗ್ಗಿಸಿ 'ಮನೆಯಲ್ಲಿ ಎಲ್ಲ ಸರಿಯಾಗಿದೆಯಾ?' ಎಂದು ಕೇಳಿದ್ದು ಮಾತ್ರ, ಫೋನನ್ನು ಸ್ಪೀಕರಿಗೆ ಹಾಕಿ ಮಾತಾಡುವ ನನ್ನ ದುರಭ್ಯಾಸದಿಂದಾಗಿ, ಮನೆಯಾಕೆಯ ಕಿವಿಗೆ ನೇರವಾಗಿ ಬಿತ್ತು. ನನ್ನ ಮುಖ ಮದುವೆಯಾದಂದಿನಿಂದಲೂ ಹಾಗೆಯೇ ಇದೆಯೆಂದೂ, ಬೇಕಾದರೆ ಮದುವೆಯ ಆಲ್ಬಮ್ಮನ್ನೇ ಗುಂಪಿಗೆ ಹಾಕುವುದಾಗಿಯೂ ಆಕೆ ಹೇಳಿದ್ದಾಳೆ. ಮನೆಯಲ್ಲಿ ಎಲ್ಲವೂ ಸರಿಯಾಗಿರುವ ಸ್ಥಿತಿ ಅಲ್ಲಿಗೆ ಮುಗಿಯಿತು.

ಆ ಮುಖ ಆ ಕ್ಷಣದಲ್ಲಿ ಹಾಗೇಕಿತ್ತು ಎಂಬುದಕ್ಕೆ ನಮ್ಮ ಸೋದರಮಾವನ ಬಡಿಸುವ ಪದ್ಧತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಮಾವನಿಗೆ ಈಗ ಎಂಬತ್ತು ಸಮೀಪಿಸಿದೆ. ಮೊಣಕಾಲು ನೋವೆಂದು ದೇವಸ್ಥಾನದ ನಾಲ್ಕು ಮೆಟ್ಟಿಲನ್ನು ಹತ್ತಲು ಹಿಂಜರಿಯುವ ಅವರು ಪಂಕ್ತಿಯಲ್ಲಿ ಎಲೆ ಬಿದ್ದಿತೆಂದರೆ ಇಪ್ಪತ್ತರ ಹರೆಯದವರಂತೆ ನಡುವೆ ನಿಂತುಬಿಡುತ್ತಾರೆ. ಅವರ ಹಿಂದೆ ಮುದ್ದೆಯ ಪಾತ್ರೆ ಹಿಡಿದ ಒಬ್ಬ ಹುಡುಗ, ಅವನ ಹಿಂದೆ ಸಾರಿನ ಬಕೆಟ್ಟು ಹಿಡಿದ ಮತ್ತೊಬ್ಬ. ಮೊದಲನೆಯ ಮುದ್ದೆ ಎಲ್ಲರಿಗೂ ಸಮನಾಗಿ ಬರುತ್ತದೆ. ಅದರ ಬಗ್ಗೆ ದೂರಿಲ್ಲ. ಎರಡನೆಯದು ಬಾಂಧವ್ಯದ ಮುದ್ದೆ, ಅದನ್ನೂ ಒಪ್ಪಿಕೊಳ್ಳಬಹುದು. ಮೂರನೆಯದರಿಂದ ವ್ಯಾಕರಣ ಶುರುವಾಗುತ್ತದೆ. ಏಕೆಂದರೆ ಮಾವ 'ಸಾಕು' ಎಂಬ ಪದಕ್ಕೆ ಜಗತ್ತಿನ ಯಾವ ನಿಘಂಟಿನಲ್ಲಿಯೂ ಸಿಗದ ಅರ್ಥಗಳನ್ನು ಇಟ್ಟುಕೊಂಡಿದ್ದಾರೆ. ಬರಿಯ 'ಸಾಕು' ಎಂದರೆ ಸಂಕೋಚ, ಆದ್ದರಿಂದ ಒಂದು ಮುದ್ದೆ. 'ಸಾಕು ಸಾಕು' ಎಂದರೆ ಪಕ್ಕದಲ್ಲಿ ಕುಳಿತ ಹೆಂಡತಿಗೆ ಕೇಳಿಸಲೆಂದು ಆಡಿದ ಮಾತು, ಆದ್ದರಿಂದ ಒಂದು ಮುದ್ದೆ ಮತ್ತು ಅದರ ಮೇಲೆ ಎರಡು ಸೌಟು ಸಾರು. 'ಸಾಕಪ್ಪಾ ದೇವರೇ' ಎಂದರೆ ದೇವರ ಹೆಸರು ಹೇಳಿದ ಬಾಯಿಗೆ ಬರಿದಾದ ಎಲೆ ತೋರಿಸಬಾರದು. ಸಕ್ಕರೆ ಕಾಯಿಲೆ ಎಂದರೆ ರಾಗಿ ಅದಕ್ಕೆ ಒಳ್ಳೆಯದು. ಬಿಪಿ ಎಂದರೆ ಸಾರಿಗೆ ಉಪ್ಪು ಕಡಿಮೆ ಹಾಕಿಸಿದ್ದೇನೆ. ಬಸ್ಸಿಗೆ ಹೊತ್ತಾಯಿತು ಎಂದರೆ ಡ್ರೈವರು ಮೊದಲನೆಯ ಪಂಕ್ತಿಯಲ್ಲೇ ಕುಳಿತು ಉಂಡಿದ್ದಾನೆ, ಅವನಿನ್ನೂ ಎದ್ದಿಲ್ಲ.

ಕನ್ನಡದಲ್ಲಿ ನಡೆಯುವುದಿಲ್ಲವೆಂದು ಅರಿತು ನಾನು ಅಂದು ಆ ಊರಿನ ಮನೆಮನೆಯಲ್ಲೂ ಆಡುವ ತೆಲುಗಿಗೆ ಹೊರಳಿದೆ. 'ಚಾಲು ಮಾವಾ, ಚಾಲು' ಎಂದೆ. ತೆಲುಗಿನಲ್ಲಿ ಅದಕ್ಕೆ ಸಾಕು ಎಂದೇ ಅರ್ಥ. ಹುಟ್ಟಿದಂದಿನಿಂದ ಎರಡು ಭಾಷೆಯನ್ನೂ ಒಂದೇ ಬಾಯಲ್ಲಿ ಆಡುತ್ತ ಬಂದಿರುವ ಮಾವನಿಗೆ ಇದು ತಿಳಿಯದ ಸಂಗತಿಯೇನಲ್ಲ. ಆದರೂ ಅವರು ಹಿಂದಿರುಗಿ ಪಾತ್ರೆಯ ಹುಡುಗನಿಗೆ, 'ಕೇಳಿಸಿತೇನೋ, ಚಾಲು ಅನ್ನುತ್ತಿದ್ದಾನೆ, ಬ್ಯಾಂಕಿನಲ್ಲಿದ್ದವನು, ಮೋಟರು ಚಾಲು ಮಾಡು ಅನ್ನುವ ಹಾಗೆ ಹೇಳುತ್ತಿದ್ದಾನೆ, ನಿಲ್ಲಿಸಬೇಡ' ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಗಡಿನಾಡಿನಲ್ಲಿ ಹುಟ್ಟಿದವನಿಗೆ ಎರಡು ಭಾಷೆಯಲ್ಲಿಯೂ ರಕ್ಷಣೆಯಿಲ್ಲ ಎಂಬುದು ನನಗೆ ಮನದಟ್ಟಾದದ್ದು ಆಗಲೇ.

ಉಳಿದಿದ್ದ ಕೊನೆಯ ಉಪಾಯವೆಂದರೆ ಎಲೆಗೆ ಕೈ ಅಡ್ಡ ಹಿಡಿಯುವುದು. ಒಂದು ಕೈಯಾದರೆ ಸಂದಿನಲ್ಲಿ ಇಳಿಸುತ್ತಾರೆಂಬ ಅನುಭವದಿಂದ, ಎಂಜಲಾದ ಬಲಗೈಯನ್ನೂ ಶುದ್ಧವಾಗಿದ್ದ ಎಡಗೈಯನ್ನೂ ಜೋಡಿಸಿ ಎಲೆಯ ಮೇಲೆ ಚಾವಣಿಯಂತೆ ಚಾಚಿದೆ. ಮಾವ ಒಂದು ಗಳಿಗೆ ನಿಂತು ಆ ಚಾವಣಿಯನ್ನು ನೋಡಿದರು. ಅನಂತರ, ಆಗತಾನೆ ತೊಳಸಿ ಇಳಿಸಿದ್ದ, ಹಬೆಯಾಡುತ್ತಿದ್ದ, ಕ್ರಿಕೆಟ್ ಚೆಂಡಿಗಿಂತ ನಿಶ್ಚಯವಾಗಿ ದೊಡ್ಡದಾಗಿದ್ದ ಮುದ್ದೆಯನ್ನು ಯಾವ ಉದ್ವೇಗವೂ ಇಲ್ಲದೆ ನನ್ನ ಎರಡು ಅಂಗೈಗಳ ಹಿಂಬದಿಯ ಮೇಲೆ ಇಟ್ಟು ಮುಂದಿನ ಎಲೆಗೆ ನಡೆದರು. ಕೈ ತೆಗೆದರೆ ಮುದ್ದೆ ಎಲೆಗೆ ಬೀಳುತ್ತದೆ, ಮಾವ ಗೆಲ್ಲುತ್ತಾರೆ. ತೆಗೆಯದಿದ್ದರೆ ಚರ್ಮ ಬೇಯುತ್ತದೆ. ಬಾಯಿಯ ತುಂಬ ಎರಡನೆಯ ಮುದ್ದೆಯ ಕೊನೆಯ ತುತ್ತು ಇದ್ದುದರಿಂದ ಕೂಗುವ ಹಾಗಿಲ್ಲ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನುಂಗಲು ಒಳಗೆ ಜಾಗವಿಲ್ಲ. ಕಣ್ಣಲ್ಲಿ ನೀರಾಡಿತು. ಫೋಟೊ ತೆಗೆದದ್ದು ಆಗ.

ಸೋಮವಾರ ರಾತ್ರಿ, ಹನ್ನೊಂದನೆಯ ಕರೆ ಮುಗಿದ ಮೇಲೆ, ನನಗೆ ಆ 'ಸ್ಯಾಡ್' ಎಂಬ ಪದದ ಮೇಲೆಯೇ ವಿಪರೀತ ಸಿಟ್ಟು ಬಂತು. ನಮ್ಮಲ್ಲಿ ಅಳಲು ಇದೆ, ಕೊರಗು ಇದೆ, ಸಂಕಟವಿದೆ, ವ್ಯಥೆಯಿದೆ, ಪಾರಸಿಯಿಂದ ಬಂದು ಊಟಕ್ಕೆ ಕುಳಿತ ಬೇಜಾರು ಇದೆ; ಒಂದೊಂದಕ್ಕೂ ಒಂದೊಂದು ತೂಕ, ಒಂದೊಂದು ಬಣ್ಣ. ಅವೆಲ್ಲವನ್ನೂ ಮೂಲೆಗೆ ತಳ್ಳಿ, ಬಸ್ಸು ತಪ್ಪಿದರೂ ಸ್ಯಾಡ್, ಟೊಮೆಟೊ ಬೆಲೆ ಬಿದ್ದರೂ ಸ್ಯಾಡ್, ಯಾರಾದರೂ ಸತ್ತರೂ ಸ್ಯಾಡ್ ಎನ್ನುವುದಾದರೆ ಈ ಪದದ ಯೋಗ್ಯತೆಯನ್ನಾದರೂ ನೋಡೋಣವೆಂದು, ಹಿಂದೊಮ್ಮೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕದ ರಾಶಿಯಿಂದ ಎತ್ತಿ ತಂದಿದ್ದ ಇಂಗ್ಲಿಷ್ ಪದಮೂಲಗಳ ದಪ್ಪ ನಿಘಂಟನ್ನು ಅಟ್ಟದಿಂದ ಇಳಿಸಿದೆ. ಧೂಳು ಕೊಡವಿ ಪುಟ ತೆರೆದವನು ಎದ್ದು ನಿಂತುಬಿಟ್ಟೆ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ 'ಸ್ಯಾಡ್' ಎಂದರೆ ಹೊಟ್ಟೆ ತುಂಬಿದವನು.

ಉಚ್ಚಾರಣೆಯೂ ಹೆಚ್ಚು ಕಡಿಮೆ ಇಂದಿನದೇ. ಉಂಡು, ಕುಡಿದು, ಇನ್ನು ಸಾಧ್ಯವೇ ಇಲ್ಲವೆಂಬ ಸ್ಥಿತಿಗೆ ತಲುಪಿದವನನ್ನು ಆ ಕಾಲದ ಇಂಗ್ಲಿಷರು ಸ್ಯಾಡ್ ಎನ್ನುತ್ತಿದ್ದರು. ದುಃಖದ ಸೋಂಕೂ ಅದರಲ್ಲಿರಲಿಲ್ಲ. ಆ ಪದದ ಜರ್ಮನ್ ಮತ್ತು ಡಚ್ ದಾಯಾದಿಗಳು, ಎರಡೂ 'ಜಟ್' ಎಂದು ಕೇಳಿಸುವಂಥವು, ಇಂದಿಗೂ ಹಳೆಯ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ಜರ್ಮನಿಯವನು ಊಟ ಮುಗಿಸಿ ತಟ್ಟೆ ಸರಿಸುವಾಗ ತಾನು ಜಟ್ ಎನ್ನುತ್ತಾನೆ. ಡಚ್ಚರಲ್ಲಿ ಅದೇ ಪದ ಹೊಟ್ಟೆ ತುಂಬಿದವನಿಗೂ, ಕುಡಿದು ಅಮಲೇರಿದವನಿಗೂ, ಒಂದು ಕೆಲಸ ಸಾಕುಸಾಕಾಗಿ ಹೋದವನಿಗೂ ಸಲ್ಲುತ್ತದೆ. 1853ರಲ್ಲಿ ಜರ್ಮನಿಯಿಂದ ಬಂದು ನಮ್ಮ ಭಾಷೆಗೆ 1894ರಲ್ಲಿ ಮಹಾ ನಿಘಂಟನ್ನು ಕಟ್ಟಿಕೊಟ್ಟ ಕಿಟ್ಟೆಲ್ ಸಾಹೇಬರಿಗೆ ಇದು ತಾಯಿಭಾಷೆಯ ಪದ. ಕನ್ನಡ ನಾಡಿನ ಮನೆಗಳಲ್ಲಿ ಎಲೆಯ ಮುಂದೆ ಕುಳಿತಾಗ ಅವರ ಮನಸ್ಸಿನಲ್ಲಿಯೂ ಈ ಪದ ಒಮ್ಮೆಯಾದರೂ ಸುಳಿದಿರಬೇಕು, ಬಡಿಸುವವರು ಅದನ್ನೂ ಕೇಳಿಸಿಕೊಂಡಿರಲಾರರು ಎಂದು ನನಗೆ ನಾನೇ ಊಹಿಸಿಕೊಂಡು ಸಮಾಧಾನಪಟ್ಟೆ.

ಲ್ಯಾಟಿನ್ನಿನಲ್ಲಿ 'ಸಾಕಷ್ಟು' ಎಂಬರ್ಥದ 'ಸತಿಸ್' ಕೂಡ ಇದೇ ಮನೆತನದ್ದು; ಅದರಿಂದ ಹುಟ್ಟಿದ್ದು ಸ್ಯಾಟಿಸ್‌ಫ್ಯಾಕ್ಷನ್, ಅಂದರೆ ತೃಪ್ತಿ. ತೃಪ್ತಿಯೂ ದುಃಖವೂ ಒಂದೇ ಒಲೆಯ ಮೇಲೆ ಬೆಂದ ಪದಗಳು. ಇಷ್ಟೇ ಆಗಿದ್ದರೆ ಬೆರಗಾಗಿ ಸುಮ್ಮನಾಗುತ್ತಿದ್ದೆ. ಆದರೆ ಮೂವತ್ತನಾಲ್ಕು ವರ್ಷ ನಾನು ಬ್ಯಾಂಕಿನಲ್ಲಿ ಕುಳಿತು ಬರೆದ 'ಅಸೆಟ್' ಎಂಬ ಪದವೂ ಆ ಸತಿಸ್‌ನದೇ ಸಂತಾನ: ಸತ್ತವನು ಬಿಟ್ಟುಹೋದದ್ದು ಅವನ ಸಾಲ ತೀರಿಸಲು ಸಾಕಾಗುತ್ತದೆಯೇ ಎಂದು ಕೇಳುವ ಹಳೆಯ ಫ್ರೆಂಚ್ ಕಾನೂನಿನ ಮಾತು ಅದು. ಅಂದರೆ ಇಡೀ ವೃತ್ತಿಜೀವನದಲ್ಲಿ ಬ್ಯಾಲೆನ್ಸ್ ಶೀಟಿನ ಒಂದು ಬದಿಗೆ ನಾನು ಬರೆಯುತ್ತಿದ್ದದ್ದು 'ಸಾಕು' ಎಂಬ ಪದವನ್ನೇ. ಅಲ್ಲಿಯೂ ನನ್ನ ಸಾಕನ್ನು ಮೇಲಧಿಕಾರಿಗಳು ಯಾರೂ ಒಪ್ಪಿದವರಲ್ಲ; ಮಾರ್ಚ್ ತಿಂಗಳಲ್ಲಿ ಇನ್ನೊಂದು ಮುದ್ದೆ ಹಾಕಿಯೇ ಹೋಗುತ್ತಿದ್ದರು.

ಹೊಟ್ಟೆ ತುಂಬಿದವನು ಹೇಗೆ ದುಃಖಿಯಾದ ಎಂಬ ದಾರಿಯನ್ನು ತಿಳಿಯಲು ನಿಘಂಟಿನ ಸಹಾಯವೇ ಬೇಡ, ನಮ್ಮ ಮಾವನ ಮನೆಯ ಪಂಕ್ತಿಯಲ್ಲಿ ಒಮ್ಮೆ ಕುಳಿತರೆ ಸಾಕು. ಮೊದಲು ತುಂಬುತ್ತದೆ, ತುಂಬಿದ ಮೇಲೆ ದಣಿವಾಗುತ್ತದೆ. 937ರಲ್ಲಿ ನಡೆದ ಬ್ರುನಾನ್‌ಬರ್ ಯುದ್ಧವನ್ನು ಹೇಳುವ ಹಳೆಯ ಇಂಗ್ಲಿಷ್ ಕವಿತೆಯೊಂದರಲ್ಲಿ, ರಣರಂಗದಲ್ಲಿ ಬಿದ್ದ ಸ್ಕಾಟರನ್ನು ದಣಿದವರು, ಯುದ್ಧದಿಂದ ಸ್ಯಾಡ್ ಆದವರು ಎಂದು ಕವಿ ವರ್ಣಿಸುತ್ತಾನೆ. ಆ ಸೈನಿಕರು ಯುದ್ಧವನ್ನು ಹೊಟ್ಟೆ ತುಂಬ ಉಂಡಿದ್ದರು, ಅವರಿಗೆ ಸಾಕಾಗಿತ್ತು. ನಮ್ಮ 'ಸಾಕಾಗಿದೆ' ಎಂಬ ಮಾತೂ ಅಕ್ಷರಶಃ ಇದೇ ದಾರಿಯನ್ನು ತುಳಿದಿದೆ: ಎಲೆಯ ಮುಂದೆ ಹೇಳಿದರೆ ತೃಪ್ತಿ, ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತ ಹೇಳಿದರೆ ಜೀವನದ ಮೇಲಿನ ಜಿಗುಪ್ಸೆ. ಸತಿಸ್‌ಗೂ ಸಾಕಿಗೂ ರಕ್ತಸಂಬಂಧವೇನೂ ಇಲ್ಲ, ಧ್ವನಿ ಕೂಡಿಬಂದದ್ದು ಆಕಸ್ಮಿಕ. ನಮ್ಮ ಸಾಕು, ಸಾಲದು, ತೆಲುಗಿನವರ ಚಾಲು, ಇವೆಲ್ಲ ಬೇರೆಯದೇ ಬಳ್ಳಿಯವು. ಆದರೆ ಹೊಟ್ಟೆ ಎಲ್ಲ ದೇಶದಲ್ಲಿಯೂ ಒಂದೇ ಎಂದು ಕಾಣುತ್ತದೆ. ನಮ್ಮಲ್ಲಂತೂ ಭಾವನೆಗಳಿಗೆಲ್ಲ ಅಲ್ಲಿಯೇ ವಾಸ: ಅಸೂಯೆಯಾದರೆ ಹೊಟ್ಟೆಕಿಚ್ಚು, ಮರುಕ ಹುಟ್ಟಿದರೆ ಕರುಳು ಚುರುಕ್ಕೆನ್ನುತ್ತದೆ, ಆಶೀರ್ವಾದ ಮಾಡಿದರೆ ಹೊಟ್ಟೆ ತಣ್ಣಗಿರಲಿ. ಸಂಕಟವೆಂದರೆ ಮಗ ಕೆಲಸ ಕಳೆದುಕೊಂಡದ್ದೂ ಆಗಬಹುದು, ರಾತ್ರಿ ತಿಂದ ಹಲಸಿನ ಹಣ್ಣೂ ಆಗಬಹುದು.

ದಣಿವಿನ ಬಳಿಕ ಭಾರ. ಉಂಡವನು ಅಲುಗಾಡಲಾರ, ಆದ್ದರಿಂದ ಸ್ಯಾಡ್ ಎಂದರೆ ಅಚಲ, ಗಟ್ಟಿ ಎಂದೂ ಆಯಿತು. 14ನೆಯ ಶತಮಾನದಲ್ಲಿ ಚಾಸರ್ ಕವಿ ಗ್ರಿಸೆಲ್ಡಾ ಎಂಬ ತಾಳ್ಮೆಯ ಹೆಂಡತಿಯನ್ನು ಗೋಡೆಯಂತೆ ಸ್ಯಾಡ್ ಎಂದು ಹೊಗಳಿದ್ದಾನೆ. ಇದನ್ನು ನಮ್ಮ ಮನೆಯಾಕೆಗೆ ಹೊಗಳಿಕೆಯಾಗಿಯೇ ಓದಿ ಹೇಳಿದೆ. ಆ ಪ್ರಯೋಗವನ್ನು ಇತರ ಗಂಡಂದಿರು ಮಾಡದಿರುವುದು ಕ್ಷೇಮ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಉಬ್ಬದೆ ಗಟ್ಟಿಯಾಗಿ ಕುಳಿತ ಬ್ರೆಡ್ಡನ್ನೂ ಸ್ಯಾಡ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಚಳಿಗಾಲದ ಇಡ್ಲಿಗೆ ಇಷ್ಟು ಸರಿಯಾದ ವಿಶೇಷಣ ಈವರೆಗೆ ಸಿಕ್ಕಿರಲಿಲ್ಲ, ಆದರೆ ಗ್ರಿಸೆಲ್ಡಾಳ ಅನುಭವದಿಂದ ಅದನ್ನು ನನ್ನೊಳಗೇ ಇಟ್ಟುಕೊಂಡೆ. ಒಲೆಯ ಮೇಲೆ ಕಾಯಿಸುತ್ತಿದ್ದ ಗಟ್ಟಿ ಕಬ್ಬಿಣದ ಇಸ್ತ್ರಿಪೆಟ್ಟಿಗೆಗೂ ಸ್ಯಾಡ್ ಐರನ್ ಎಂದೇ ಹೆಸರು. ಕೈ ಸುಡದಂತೆ ಅದಕ್ಕೆ ಕಳಚಿ ಜೋಡಿಸಬಹುದಾದ ಹಿಡಿಯೊಂದನ್ನು ರೂಪಿಸಿ ಅಮೆರಿಕದ ಅಯೋವಾ ರಾಜ್ಯದ ಮೇರಿ ಫ್ಲಾರೆನ್ಸ್ ಪಾಟ್ಸ್ ಎಂಬ ಗೃಹಿಣಿ 1871ರಲ್ಲಿ ಪೇಟೆಂಟ್ ಪಡೆದಳು. ಕೈ ಸುಡದಂತೆ ಎಂಬ ಮಾತನ್ನು ಓದುವಾಗ ನನ್ನ ಕೈಗೆ ಮನೆಯಾಕೆ ಹಚ್ಚಿದ್ದ ಬರ್ನಾಲ್ ಇನ್ನೂ ಹಳದಿಯಾಗಿಯೇ ಇತ್ತು. ಭಾರವಾದವನು ಗಂಭೀರನಾಗುತ್ತಾನೆ, ಗಂಭೀರವಾದ ಮುಖವನ್ನು ನೋಡಿದವರು ಪಾಪ, ಏನೋ ದುಃಖವಿರಬೇಕು ಎನ್ನುತ್ತಾರೆ. ಪದಕ್ಕೆ ಈ ಕೊನೆಯ ಹೆಜ್ಜೆಯನ್ನು ಇಡಲು ನೂರಾರು ವರ್ಷ ಹಿಡಿಯಿತು. ನಮ್ಮ ಬಂಧುಬಳಗಕ್ಕೆ ಐದು ನಿಮಿಷ ಸಾಕಾಯಿತು.

ಹಾಗಾದರೆ ಮಗಳು ಬರೆದದ್ದು ನೂರಕ್ಕೆ ನೂರು ಸರಿ. ಆ ಫೋಟೊದಲ್ಲಿ ನಾನು ಶುದ್ಧ ಹಳಗಾಲದ ಅರ್ಥದಲ್ಲಿ, ಯಾವ ರಿಯಾಯಿತಿಯೂ ಇಲ್ಲದೆ, ಸ್ಯಾಡ್ ಆಗಿದ್ದೆ. ಈ ಸತ್ಯದಿಂದ ಎಲ್ಲರಿಗೂ ನೆಮ್ಮದಿಯಾಗಲೆಂದು ಮಂಗಳವಾರ ಬೆಳಿಗ್ಗೆ ಕುಳಿತು, ಬ್ರುನಾನ್‌ಬರ್ ಯುದ್ಧದಿಂದ ಇಸ್ತ್ರಿಪೆಟ್ಟಿಗೆಯವರೆಗೆ ಇದನ್ನೆಲ್ಲ ಕ್ರಮವಾಗಿ ಒಂದೇ ಬೆರಳಿನಲ್ಲಿ ಟೈಪು ಮಾಡಿ ಗುಂಪಿಗೆ ಹಾಕಿದೆ. ಒಂದು ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಹನ್ನೆರಡು ಮಂದಿ ಕೈಮುಗಿದರು. ತಂಗಿಯ ಮಗನೊಬ್ಬ 'ಮಾವ ನಿಜವಾಗಿಯೂ ತುಂಬ ಸ್ಯಾಡ್ ಆಗಿದ್ದಾರೆ, ನೋಡಿ ಎಷ್ಟುದ್ದ ಬರೆದಿದ್ದಾರೆ, ಯಾರಾದರೂ ಹೋಗಿ ಜೊತೆಗಿರಿ' ಎಂದು ಬರೆದ. ಹನ್ನೆರಡನೆಯ ಕರೆಯಿಂದ ಹತ್ತೊಂಬತ್ತನೆಯ ಕರೆಯವರೆಗಿನವು ಈ ವಿವರಣೆಯ ಫಲ.

ಪುಸ್ತಕವನ್ನು ಅಟ್ಟಕ್ಕೆ ಹಿಂದಿರುಗಿಸುವ ಮುನ್ನ, ಪಕ್ಷಪಾತವಾಗಬಾರದೆಂದು ಕನ್ನಡ ನಿಘಂಟಿನಲ್ಲಿ ನಮ್ಮ 'ಸಾಕು' ಎಂಬುದನ್ನೂ ತೆರೆದೆ. ಅಲ್ಲಿ ಅದು ಎರಡು ಬಾರಿ ಬರುತ್ತದೆ. ಒಂದು ಎಲೆಯ ಮುಂದೆ ಹೇಳುವುದು. ಇನ್ನೊಂದು ಹೊಟ್ಟೆಗೆ ಹಾಕಿ ಬೆಳೆಸುವುದು. ದಿನವೂ ಆಡುವ ಮಾತಾದರೂ ಎರಡನ್ನೂ ಒಂದೇ ಪುಟದಲ್ಲಿ ಕಂಡಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ತಂದೆ ತೀರಿಕೊಂಡಾಗ ನನಗೆ ಏಳು ವರ್ಷ, ತಂಗಿಗೆ ನಾಲ್ಕು. ಅಮ್ಮ ನಮ್ಮಿಬ್ಬರನ್ನು ಕರೆದುಕೊಂಡು ತವರಿಗೆ ಬಂದಳು. ನಮ್ಮನ್ನು ಸಾಕಿದವರು ಈ ಮಾವ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು, ಕೆರೆ ತುಂಬಿದರೆ ರಾಗಿ, ಇಲ್ಲದಿದ್ದರೆ ಇಲ್ಲ. ಕೆರೆ ತುಂಬದ ವರ್ಷಗಳಲ್ಲಿ ಮಡಕೆಯಲ್ಲಿ ಎಣಿಸಿದಂತೆ ಮುದ್ದೆಗಳಿರುತ್ತಿದ್ದವು, ಮತ್ತು ಕೊನೆಯದೊಂದು ಯಾವಾಗಲೂ ಮಾವನ ತಟ್ಟೆಯ ಎದುರಿಗೆ ಬಂದು ನಿಲ್ಲುತ್ತಿತ್ತು. ಆಗ ಅವರು ಕೈ ಅಡ್ಡ ಹಿಡಿದು 'ನನಗೆ ಸಾಕು, ಮಕ್ಕಳಿಗೆ ಹಾಕಿ' ಎನ್ನುತ್ತಿದ್ದರು. ಹೊಲದಿಂದ ಬಂದ ಮೂವತ್ತರ ಗಂಡಸಿಗೆ ಒಂದು ಮುದ್ದೆಯಲ್ಲಿ ಸಾಕಾಗುವುದಿಲ್ಲವೆಂದು ನನಗೆ ಆಗ ಹೊಳೆದಿರಲಿಲ್ಲ. ನಾನು ಆ ಮುದ್ದೆಯನ್ನು ಉಣ್ಣುವುದರಲ್ಲಿ ಮಗ್ನನಾಗಿರುತ್ತಿದ್ದೆ. ತಾವು ಅಷ್ಟು ವರ್ಷ ಹೇಳಿದ ಸಾಕು ಸುಳ್ಳಾಗಿದ್ದುದರಿಂದಲೇ ಏನೋ, ಅವರು ಬೇರೆ ಯಾರ ಸಾಕನ್ನೂ ನಂಬುವುದಿಲ್ಲ.

ಆದರೂ ಕೈಯ ಮೇಲೆ ಇಡಬಾರದಿತ್ತು. ಇದನ್ನು ಬರೆಯಲು ಕುಳಿತಾಗಲೂ ಎಡಗೈ ಚುರುಗುಟ್ಟುತ್ತಿದೆ.

ಇಷ್ಟರಲ್ಲಿ ಇಪ್ಪತ್ತನೆಯ ಕರೆ ಬಂತು. ವಾಟ್ಸಾಪ್ ನೋಡದ ಮಾವನಿಗೆ ಮೊಮ್ಮಗ ಇಂದು ಆ ಫೋಟೊವನ್ನು ತೋರಿಸಿದನಂತೆ. ನಾನು ಗಂಟಲು ಸರಿಮಾಡಿಕೊಂಡು, ನನಗೆ ಯಾವ ದುಃಖವೂ ಇಲ್ಲವೆಂಬ ವಾಕ್ಯವನ್ನು ಸಿದ್ಧಪಡಿಸಿಕೊಂಡೆ. ಅದು ಬೇಕಾಗಲಿಲ್ಲ.

'ಕೈ ಸುಟ್ಟಿತೇನೋ?' ಎಂದು ಕೇಳಿದರು.

ಹತ್ತೊಂಬತ್ತು ಮಂದಿಯಲ್ಲಿ ಒಬ್ಬರೂ ಆ ಫೋಟೊದಲ್ಲಿ ನನ್ನ ಕೈಯನ್ನು ನೋಡಿರಲಿಲ್ಲ. ಸ್ವಲ್ಪ ಸುಟ್ಟಿತು ಮಾವಾ ಎಂದೆ. 'ಎಲೆಗೆ ಕೈ ಅಡ್ಡ ಹಿಡಿಯಬೇಡ ಅಂತ ಚಿಕ್ಕಂದಿನಿಂದ ಹೇಳಿಲ್ಲವಾ? ಈ ಭಾನುವಾರ ಬಾ. ಆರಿಸಿ ಹಾಕುತ್ತೇನೆ' ಎಂದು ಹೇಳಿ, ನಾನು ಯಾವ ಭಾಷೆಯಲ್ಲಿಯೂ ಸಾಕು ಎನ್ನುವುದಕ್ಕೆ ಮೊದಲೇ ಫೋನಿಟ್ಟರು.